ಒರ್ಲಿಂಡಾ ಕೂರಿಸಿದ ಗೇರ್ ರಾಡು

ಶುಭ ಶುಕ್ರವಾರದ ದಿನ ಒರ್ಲಿಂಡಾ ಹರಮಿಯೋ ತನ್ನ ಅಪ್ಪನ ಕಾರನ್ನು ಚರ್ಚಿನ ಮಣ್ಣಿನ ಗೋಡೆಗೆ ಗುದ್ದಿಸಿದಳು ಎಂದು ಎಸ್ಪಾನ್ಯೋಲಾ ಕಣಿವೆಯಲ್ಲಿ ಇವತ್ತಿಗೂ ಹೇಳುವವರಿದ್ದಾರೆ. ಹೇಳುವ ಬಾಯಿಗೆ ಬೀಗ ಹಾಕಲು ಯಾರಿಂದಾಗುತ್ತದೆ? ಕಾರು ಗೋಡೆಗೆ ಗುದ್ದಿದಾಗ ಒರ್ಲಿಂಡಾ ಕಾರಿನಲ್ಲೇ ಇರಲಿಲ್ಲ. ಚರ್ಚಿನೊಳಗೆ, ತೊಂಬತ್ತು ದಾಟಿದ, ಊರೆಲ್ಲ ಗೌರವದಿಂದ ದೋನ್ಯಾ ಎನ್ನುವ ತ್ರಾನ್ಸಿತೋಳ ಕಾಲ ಬಳಿ ಕುಳಿತು ಆ ಮುದುಕಿಯ ಬೂಟಿನ ದಾರ ಕಟ್ಟುತ್ತಿದ್ದಳು. ಅದನ್ನು ಕಣ್ಣಾರೆ ಕಂಡವರೇ ಹತ್ತಾರು ಜನ ಇದ್ದರು. ಆದರೂ ಮಧ್ಯಾಹ್ನದ ಊಟಕ್ಕೆ ಕೂರುವಷ್ಟರಲ್ಲಿ ಕಥೆ ತಿರುವುಮುರುವಾಗಿ ಹೋಗಿತ್ತು. ಹೆಂಗಸಿನ ಕಾರು ಎಂದರೆ ಸಾಕು, ಮಿಕ್ಕಿದ್ದನ್ನು ಜನ ತಾವೇ ತುಂಬಿಕೊಳ್ಳುತ್ತಾರೆ.

ಅದಕ್ಕೇ ಇದನ್ನು ಸರಿಯಾಗಿ ಹೇಳಬೇಕಾಗಿದೆ.

ಒರ್ಲಿಂಡಾ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಶಾಲೆಯ ಹಳದಿ ಬಸ್ಸು ಓಡಿಸಿದವಳು. ಹಳೆಯ ಬಸ್ಸುಗಳ ಬಾಗಿಲು ತಾನಾಗಿ ತೆರೆದುಕೊಳ್ಳುತ್ತಿರಲಿಲ್ಲ. ಈ ಕಡೆ ಡ್ರೈವರ್ ಕೂರುವುದು ಎಡಗಡೆ; ಆ ಸೀಟಿನ ಬಲಗಡೆ ಒಂದು ಉದ್ದನೆಯ ಕಬ್ಬಿಣದ ಹಿಡಿ ಇರುತ್ತಿತ್ತು. ಅದನ್ನು ಎಳೆದರೆ ಬಾಗಿಲು ತೆರೆಯುತ್ತಿತ್ತು, ತಳ್ಳಿದರೆ ಮುಚ್ಚುತ್ತಿತ್ತು. ನದಿಯ ಆಚೆ ದಂಡೆಯಿಂದ ಗುಡ್ಡದ ಮೇಲಿನ ಕೊನೇ ಮನೆಯವರೆಗೆ, ಪ್ರತಿ ಮಗುವಿಗೂ ಅವಳು ಕೈ ಚಾಚಿ ಎಳೆಯಬೇಕು, ಮತ್ತೆ ತಳ್ಳಬೇಕು. ಬೆಳಿಗ್ಗೆ ಒಂದು ಸುತ್ತು, ಸಂಜೆ ಒಂದು ಸುತ್ತು. ಹಿಮ ಬಿದ್ದ ದಿನ ಹಿಡಿ ಬಿಗಿದುಕೊಂಡರೆ ಎರಡು ಪಟ್ಟು ಜೋರು ಹಾಕಬೇಕು. ಕಣಿವೆಯ ಒಂದಿಡೀ ತಲೆಮಾರು ಅಕ್ಷರ ಕಲಿಯಲು ಹೋದದ್ದು ಅವಳ ಬಲಗೈ ತೆಗೆದ ಬಾಗಿಲಿನಿಂದ.

ಕೆಲಸದಿಂದ ಇಳಿಯುವ ಹೊತ್ತಿಗೆ ಆ ಭುಜ ಸವೆದು ಹೋಗಿತ್ತು. ಮೊಣಕೈಯನ್ನು ಪಕ್ಕೆಗೆ ಅಂಟಿಸಿಕೊಂಡೇ ಕೈ ಆಡಿಸಬಹುದು. ಅದಕ್ಕಿಂತ ಮೇಲೆ ಎತ್ತಿದರೆ ಕಣ್ಣಲ್ಲಿ ನೀರು ಬರುವಂಥ ನೋವು. ತಲೆ ಬಾಚಲೂ ಎಡಗೈಯೇ ಬೇಕು. ಶಾಲೆಯ ಕಚೇರಿಯವರನ್ನು ಕೇಳಿದರೆ ಇದು ಬಸ್ಸಿನಿಂದ ಬಂದದ್ದಲ್ಲ, ವಯಸ್ಸಿನಿಂದ ಬಂದದ್ದು ಎಂದರು. ವಯಸ್ಸು ಎಡಭುಜಕ್ಕೂ ಅಷ್ಟೇ ಆಗಿದೆಯಲ್ಲ, ಅದಕ್ಕೇನೂ ಆಗಿಲ್ಲವಲ್ಲ ಎಂದು ಒರ್ಲಿಂಡಾ ಕೇಳಿದಳು. ಅವರು ನಕ್ಕು, ಕಾಫಿ ಕುಡಿಸಿ ಕಳಿಸಿದರು.

ಇನ್ನು ಕಾರಿನ ವಿಷಯ. ಅದು ಐವತ್ನಾಲ್ಕರ ಶೆವ್ರೊಲೆ. ಅವಳ ಅಪ್ಪ ಅಬ್ರಾನ್ ಅದನ್ನು ಕೊಂಡಾಗಲೇ ಎರಡನೇ ಕೈ. ಕ್ಲಚ್ಚಿಲ್ಲದ, ತಾನೇ ಗೇರು ಬದಲಿಸಿಕೊಳ್ಳುವ ಗಾಡಿ ಆಗ ಈ ಕಡೆ ಅಪರೂಪ. ಕಣಿವೆಯ ವಾಡಿಕೆಯಂತೆ ಅಪ್ಪ ಅದರ ಸ್ಪ್ರಿಂಗು ಕತ್ತರಿಸಿ ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗಿಸಿದ್ದ. ಮಾಗಿದ ಚೆರ್ರಿಹಣ್ಣಿನ ಬಣ್ಣ ಬಳಿಸಿ, ಹಿಂದಿನ ಡಿಕ್ಕಿಯ ಮೇಲೆ ಮೇರಿಯಮ್ಮನ ಚಿತ್ರ ಬರೆಸಿದ್ದ. ಡ್ರೈವರಿನ ಪಕ್ಕ ಕೂರುವವರ ಬಾಗಿಲು, ಅಂದರೆ ಮುಂದಿನ ಬಲಬಾಗಿಲು ಮಾತ್ರ ಮೊದಲಿನಿಂದಲೂ ಮೊಂಡು. ಹೊರಗಿನಿಂದ ತೆಗೆಯಬೇಕಾದರೆ ಭುಜ ಕೊಟ್ಟು ಜಗ್ಗಬೇಕು. ಒಳಗೆ ಕುಳಿತವರು ಸ್ವಲ್ಪ ಬಗ್ಗಿ ಹಿಡಿ ಒತ್ತಿದರೆ ಬೆಣ್ಣೆಯ ಹಾಗೆ ತೆರೆಯುತ್ತಿತ್ತು. ಅಪ್ಪನ ಕಾಲದಿಂದಲೂ ಆ ಬಾಗಿಲನ್ನು ಡ್ರೈವರೇ ಒಳಗಿನಿಂದ ತೆಗೆದುಕೊಡುವುದು ರೂಢಿಯಾಗಿತ್ತು.

ಕಾರಿಗೆ ಒಂದು ಹರಕೆಯೂ ಇತ್ತು. ಒರ್ಲಿಂಡಾಳ ತಮ್ಮ ಬೆಲರ್ಮಿನೋ ಚಿಕ್ಕವನಿದ್ದಾಗ ಜ್ವರ ಬಂದು ಉಳಿಯುವುದಿಲ್ಲ ಎಂದಾಗಿತ್ತು. ಹುಡುಗ ಉಳಿದರೆ ಪ್ರತಿ ಶುಭ ಶುಕ್ರವಾರ, ಚಿಮಯೋ ಗುಡಿಗೆ ನಡೆಯಲಾರದವರನ್ನು ನನ್ನ ಕಾರಿನಲ್ಲಿ ಕೂರಿಸಿಕೊಂಡು ಹೋಗುತ್ತೇನೆ ಎಂದು ಅಬ್ರಾನ್ ಹೇಳಿಕೊಂಡ. ಹುಡುಗ ಉಳಿದ. ಅಂದಿನಿಂದ ಊರಿನ ಗಟ್ಟಿಮುಟ್ಟಾದವರೆಲ್ಲ ರಸ್ತೆಯಂಚಿನಲ್ಲಿ ನಡೆದು ಹೋದರೆ, ಕಾಲಿಲ್ಲದವರು, ಉಬ್ಬಸದವರು ಈ ಕಾರಿನಲ್ಲಿ ಮೆಲ್ಲಗೆ ಹೋಗುತ್ತಿದ್ದರು.

ಅಬ್ರಾನ್ ಸಾಯುವಾಗ ಬೀಗದಕೈ ಕೊಟ್ಟದ್ದು ಮಗಳಿಗೆ. ಕೊಡಬೇಕಾದದ್ದೂ ಅವಳಿಗೇ. ಅಪ್ಪನ ಜೊತೆ ಕಾರಿನ ಅಡಿಗೆ ನುಗ್ಗಿ ಮೈಯೆಲ್ಲ ಗ್ರೀಸು ಮಾಡಿಕೊಂಡವಳು ಅವಳೇ. ಆದರೆ ಬೆಲರ್ಮಿನೋಗೆ ಅದು ಗಂಟಲಿನಲ್ಲಿ ಸಿಕ್ಕಿದ ಮುಳ್ಳಾಯಿತು. ಹರಕೆ ಹೊತ್ತದ್ದು ನನ್ನ ಜೀವಕ್ಕೆ, ಕಾರು ಮಾತ್ರ ಅಕ್ಕನಿಗಾ ಎಂದು ಊರೆಲ್ಲ ಕೇಳಿಕೊಂಡು ಬಂದ. ಮುಂದೆ ತಗ್ಗುಕಾರುಗಳ ಸಂಘಕ್ಕೆ ಅಧ್ಯಕ್ಷನೂ ಆದ. ಅಧ್ಯಕ್ಷನಾದ ಮೇಲಂತೂ ಕೇಳಬೇಕೇ, ಯಾರ ಕಾರಿನಲ್ಲಿ ಏನು ಇರಬೇಕು, ಏನು ಇರಬಾರದು ಎಂದು ಹೇಳುವುದೇ ಅವನ ಕಸುಬಾಯಿತು.

ಆ ಕಾರಿನ ಗೇರ್ ರಾಡು ಸ್ಟಿಯರಿಂಗಿನ ಕಂಬದ ಮೇಲೆ, ಬಲಗಡೆ, ಎದೆಯ ಎತ್ತರಕ್ಕಿತ್ತು. ಒರ್ಲಿಂಡಾಳ ಕೈ ಅಲ್ಲಿಗೆ ಏಳುತ್ತಿರಲಿಲ್ಲ. ಎಡಗೈಯನ್ನು ಸ್ಟಿಯರಿಂಗ್ ಚಕ್ರದೊಳಗೆ ತೂರಿಸಿ ಬದಲಿಸಲು ನೋಡಿದಳು. ಒಂದು ಸಲ ತಿರುವಿನಲ್ಲಿ ಕೈ ಸಿಕ್ಕಿಹಾಕಿಕೊಂಡು ಕಾಲುವೆಗೆ ಬೀಳುವುದರಲ್ಲಿದ್ದಳು. ಎರಡು ವರ್ಷ ಶುಭ ಶುಕ್ರವಾರಕ್ಕೂ ಕಾರು ಶೆಡ್ಡಿನಲ್ಲೇ ನಿಂತಿತು. ಬೆಲರ್ಮಿನೋ ಬಂದು, ಓಡದ ಕಾರು ಹೆಣ ಇದ್ದ ಹಾಗೆ, ನನಗೆ ಕೊಡು ಎಂದ. ಅವತ್ತೇ ಅವಳು ನಿರ್ಧರಿಸಿದ್ದು. ಕೈ ರಾಡಿನ ಹತ್ತಿರ ಹೋಗದಿದ್ದರೆ ರಾಡನ್ನೇ ಕೈ ಇರುವ ಕಡೆ ಇಳಿಸಬೇಕು. ನೆಲದಲ್ಲಿ, ತೊಡೆಯ ಪಕ್ಕದಲ್ಲಿ.

ಗುಜರಿಯಿಂದ ಒಂದು ನೆಲದ ರಾಡು ತಂದಳು. ಅದು ಎಷ್ಟೋ ವರ್ಷ ಈಚಿನ ಕಾರಿನದು. ಅಲ್ಲೇ ಇದ್ದದ್ದು ತೊಡಕು. ಈಗಿನ ಕಾರುಗಳಲ್ಲಿ ಮೊದಲು ಪಾರ್ಕು, ಅದರ ಪಕ್ಕದಲ್ಲೇ ರಿವರ್ಸು, ಆಮೇಲೆ ನ್ಯೂಟ್ರಲ್ಲು, ಡ್ರೈವು, ಕೊನೆಗೆ ಲೋ. ಅಪ್ಪನ ಹಳೆಯ ಗೇರ್ ಬಾಕ್ಸಿನ ಲೆಕ್ಕವೇ ಬೇರೆ. ಪಾರ್ಕು, ನ್ಯೂಟ್ರಲ್ಲು, ಡ್ರೈವು, ಲೋ, ಎಲ್ಲಾ ಮುಗಿದ ಮೇಲೆ ಕಟ್ಟಕಡೆಯಲ್ಲಿ ರಿವರ್ಸು. ಗುಜರಿಯ ರಾಡನ್ನು ಇದ್ದ ಹಾಗೇ ಕೂರಿಸಿದರೆ ಒಂದು ಗೇರು ಎಂದದ್ದು ಇನ್ನೊಂದಾಗುತ್ತದೆ. ಒರ್ಲಿಂಡಾಗೆ ಅದು ಗೊತ್ತಿರದೆ ಏನು? ರಾಡು ಕಚ್ಚಿಕೊಳ್ಳುವ ಹಲ್ಲಿನ ಪಟ್ಟಿಯನ್ನು ಬಿಚ್ಚಿ ಎಸೆದು, ದಪ್ಪ ಉಕ್ಕಿನ ತುಂಡು ತಂದು, ಹೊಸ ಕಚ್ಚುಗಳನ್ನು ಅರದಲ್ಲಿ ಉಜ್ಜಿ ಉಜ್ಜಿ ತೆಗೆದಳು. ಒಂದು ಕೂದಲೆಳೆ ಹೆಚ್ಚು ಉಜ್ಜಿದರೆ ರಾಡು ಸಡಿಲ, ಕಡಿಮೆ ಉಜ್ಜಿದರೆ ಗೇರು ಅರ್ಧಕ್ಕೆ ನಿಲ್ಲುತ್ತದೆ. ಲೋದಿಂದ ರಿವರ್ಸಿಗೆ ಜಾರಿಬಿಡಬಾರದು ಎಂದು ಅಲ್ಲೊಂದು ಎತ್ತರದ ಹಲ್ಲು ಬಿಟ್ಟಳು. ರಾಡಿನ ತಲೆಯ ಗುಬುಟು ಎತ್ತಿದರೆ ಮಾತ್ರ ದಾಟಬೇಕು, ಹಾಗೆ.

ನೆಲದ ರಾಡು ಹಿಂದಕ್ಕೆ ಎಳೆದರೆ ಕೆಳಗಿನ ಕಂಬಿ ಮುಂದಕ್ಕೆ ಹೋಗುತ್ತಿತ್ತು, ಗೇರ್ ಬಾಕ್ಸಿಗೆ ಬೇಕಾದದ್ದು ಅದರ ತದ್ವಿರುದ್ಧ. ಅದಕ್ಕೆ ಬಾಕ್ಸಿನ ಪಕ್ಕದ ತೋಳನ್ನು ಬಿಚ್ಚಿ ತಲೆಕೆಳಗು ಮಾಡಿ ಕೂರಿಸಿದಳು. ಉದ್ದನೆಯ ಸೋಫಾದಂಥ ಸೀಟಿಗೆ ತಗಲದ ಹಾಗೆ ರಾಡನ್ನು ಕಾಯಿಸಿ ಬಗ್ಗಿಸಿದಳು. ಪಾರ್ಕು, ನ್ಯೂಟ್ರಲ್ಲು ಬಿಟ್ಟು ಬೇರೆಲ್ಲೂ ಇಂಜಿನ್ ಶುರುವಾಗಬಾರದು ಎಂದು ಕಂಬದ ಮೇಲಿದ್ದ ಸ್ವಿಚ್ಚನ್ನೂ ಕೆಳಗಿಳಿಸಿದಳು. ಕಂಬದ ಮೇಲಿನ ಹಳೆಯ ರಾಡನ್ನು ತೆಗೆದರೂ, ಚಕ್ರದ ಹಿಂದೆ ಗಾಜಿನ ಕಿಂಡಿಯಲ್ಲಿದ್ದ ಅಕ್ಷರಗಳನ್ನು ಮುಟ್ಟಲಿಲ್ಲ. ಅಪ್ಪನ ಕಣ್ಣು ಬಿದ್ದ ಅಕ್ಷರ ಎಂದು ಬಿಟ್ಟಳು. ಇದನ್ನೆಲ್ಲ ಮಾಡಿದ್ದು ಒಂದೂವರೆ ಕೈಯಲ್ಲಿ ಎಂಬುದನ್ನು ಮರೆಯಬಾರದು.

ರಾಡು ಇಳಿಯಲು ಕಾರಿನ ನೆಲ ಕೊರೆಯುವ ದಿನ ಮಾತ್ರ ಒಂದು ಸಲ ಡ್ರಿಲ್ಲು ಕೆಳಗಿಟ್ಟಳು. ಅಪ್ಪನ ಕಾರಿನ ತಗಡು. ಅತ್ತಳು, ಮುಖ ತೊಳೆದುಕೊಂಡಳು, ಆಮೇಲೆ ಕೊರೆದಳು. ಕತ್ತರಿಸಿ ಬಂದ ಬಿಲ್ಲೆಯಂಥ ತುಂಡನ್ನು ಬಟ್ಟೆಯಲ್ಲಿ ಸುತ್ತಿ ಡ್ಯಾಶಿನ ಖಾನೆಯಲ್ಲಿಟ್ಟಳು. ಸುದ್ದಿ ತಿಳಿದ ಬೆಲರ್ಮಿನೋ ಸಂಘದ ಸಭೆಯಲ್ಲಿ, ನನ್ನ ಅಕ್ಕ ಅಪ್ಪನ ಹೊಟ್ಟೆಗೇ ತೂತು ಕೊರೆದಳು ಎಂದನಂತೆ. ಅಪ್ಪನಿಗೆ ಕೊನೆಗಾಲದಲ್ಲಿ ಗಂಜಿ ಕುಡಿಸಲು ಬಾರದವನ ಬಾಯಲ್ಲಿ ಈ ಮಾತು.

ಉಳಿದದ್ದು ಅಕ್ಷರದ ಪಟ್ಟಿ. ಯಾವ ಕಚ್ಚು ಯಾವುದು ಎಂದು ತೋರಿಸಲು ಒಂದು ಹಿತ್ತಾಳೆ ಪಟ್ಟಿಯ ಮೇಲೆ ಅವಳೇ ಅಚ್ಚಿನಿಂದ ಹೊಡೆದು ಪಿ, ಎನ್, ಡಿ, ಎಲ್, ಆರ್ ಎಂದು ಮೂಡಿಸಿದ್ದಳು. ಸೊಟ್ಟಸೊಟ್ಟಗಿತ್ತು. ಅದನ್ನು ಫಕುಂದೋ ನೋಡಿದ. ಫಕುಂದೋ ಅಂದರೆ ಕಣಿವೆಯ ಕೆತ್ತನೆಗಾರ, ಅಬ್ರಾನನ ಓರಗೆಯವನು. ಇಲ್ಲಿನ ಕಾರುಗಳಲ್ಲಿ ಹೊಳೆಯುವ ಲೋಹ ಎಲ್ಲೆಲ್ಲಿದೆಯೋ ಅಲ್ಲೆಲ್ಲ ಅವನ ಉಳಿ ಆಡಿದೆ. ಕನ್ನಡಿಯ ಹಿಂಬದಿ, ಬಂಪರಿನ ತುದಿ, ಕೊನೆಗೆ ಪೆಟ್ರೋಲ್ ಮುಚ್ಚಳದ ಮೇಲೂ ಬಳ್ಳಿ, ಗುಲಾಬಿ. ಹೂವಿಲ್ಲದ ಪಟ್ಟಿಯನ್ನು ಅಬ್ರಾನನ ಕಾರಿನಲ್ಲಿ ಹಾಕಲು ನಾನು ಬದುಕಿರುವವರೆಗೂ ಬಿಡುವುದಿಲ್ಲ ಎಂದು ಪಟ್ಟಿಯನ್ನು ಜೇಬಿಗೆ ಹಾಕಿಕೊಂಡು ಹೋದ. ಗುರುವಾರ ಸಂಜೆ ಹೊಸ ಪಟ್ಟಿ ತಂದುಕೊಟ್ಟ. ಕಾಸು ಬೇಡ ಅಂದ. ಬಳ್ಳಿಯ ಮೇಲೆ ಇಬ್ಬನಿಯ ಹನಿಯನ್ನೂ ಬಿಟ್ಟಿರಲಿಲ್ಲ, ಅಷ್ಟು ಚೆಂದ. ಒರ್ಲಿಂಡಾ ಸ್ಕ್ರೂ ಬಿಗಿದಳು, ಮುದುಕನ ಕೆನ್ನೆಗೆ ಮುತ್ತಿಟ್ಟಳು. ಅಕ್ಷರ ಓದಲಿಲ್ಲ. ತನ್ನ ಮನೆಯ ಮೆಟ್ಟಿಲನ್ನು ಯಾರಾದರೂ ನೋಡಿಕೊಂಡು ಹತ್ತುತ್ತಾರೆಯೇ? ಅವಳ ಕೈಗೆ ಕಚ್ಚುಗಳು ಗೊತ್ತಿದ್ದವು.

ಶುಕ್ರವಾರ ಬೆಳಿಗ್ಗೆ ಅವಳು ಕಾರನ್ನು ಚರ್ಚಿನ ಅಂಗಳಕ್ಕೆ ತಂದು ಗೋಡೆಗೆ ಮುಖ ಮಾಡಿ ನಿಲ್ಲಿಸಿದಳು. ಮೊಣಕೈ ಪಕ್ಕೆಯಿಂದ ಅಲ್ಲಾಡಲಿಲ್ಲ, ನೋವಿಲ್ಲ. ಎರಡು ವರ್ಷದ ಮೇಲೆ ಅಪ್ಪನ ಕಾರು ರಸ್ತೆಗಿಳಿದಿತ್ತು. ಹೊಸದಾಗಿ ಬಂದ ಪಾದ್ರಿ ಸಾಲಾಗಿ ನಿಂತ ಕಾರುಗಳಿಗೆ ತೀರ್ಥ ಚಿಮುಕಿಸಲು ಬಕೆಟ್ಟು ಹಿಡಿದು ಸಿದ್ಧನಾಗಿದ್ದ. ಒರ್ಲಿಂಡಾ ಬೀಗದಕೈಯನ್ನು ಕಾರಿನಲ್ಲೇ ಬಿಟ್ಟು ದೋನ್ಯಾ ತ್ರಾನ್ಸಿತೋಳನ್ನು ಕರೆತರಲು ಒಳಗೆ ಹೋದಳು. ದೇವರ ಅಂಗಳದಲ್ಲಿ ಇಲ್ಲಿ ಯಾರೂ ಬೀಗದಕೈ ತೆಗೆಯುವುದಿಲ್ಲ.

ಮೊದಲು ಇಂಜಿನ್ ಅರಚಿಕೊಂಡದ್ದು ಕೇಳಿಸಿತು. ಆಮೇಲೆ ಧಡ್ ಎಂದು ಸದ್ದು.

ಅವಳು ಹೊರಗೆ ಬಂದು ನೋಡಿದರೆ ಕಾರಿನ ಮೂತಿ ಮಣ್ಣಿನ ಗೋಡೆಯೊಳಗೆ ಹೂತಿದೆ. ಒಂದು ದೀಪ ಒಡೆದಿದೆ, ಬಂಪರು ಕೊಂಕಿದೆ. ಪಾದ್ರಿಯ ಪಾದಗಳಿಗೇ ತೀರ್ಥಸ್ನಾನವಾಗಿದೆ. ಯಾರಿಗೂ ಪೆಟ್ಟಾಗಿಲ್ಲ ಎಂಬುದೇ ಪುಣ್ಯ. ಡ್ರೈವರ್ ಸೀಟಿನಿಂದ ಇಳಿಯುತ್ತಿದ್ದವನು ಬೆಲರ್ಮಿನೋ. ಮೆರವಣಿಗೆಯ ಮೊದಲ ಕಾರು ರಸ್ತೆಗೆ ಮುಖ ಮಾಡಿ ನಿಲ್ಲಬೇಕು ಎಂಬುದು ಅಧ್ಯಕ್ಷರ ನಿಯಮವಂತೆ. ಕಾರಿನ ಒಡತಿ ಹತ್ತು ಹೆಜ್ಜೆ ದೂರದಲ್ಲಿದ್ದಾಳೆ, ಒಂದು ಮಾತು ಕೇಳಬೇಕು ಎಂಬ ನಿಯಮ ಮಾತ್ರ ಅವರ ಸಂಘದಲ್ಲಿ ಇರಲಿಲ್ಲ.

ಅವನು ಕ್ಷಮೆ ಕೇಳಬಹುದು ಎಂದು ಒಂದು ಗಳಿಗೆ ಅವಳು ಅಂದುಕೊಂಡಳು. ಅವನು ಕೈ ಎತ್ತಿ ಜನರ ಕಡೆ ತಿರುಗಿದ.

"ನೋಡಿದ್ರಾ? ನಾನು ಬಡ್ಕೊಂಡೆ, ಯಾರೂ ಕೇಳಲಿಲ್ಲ. ಈ ರಾಡು ತಾನೇ ತಾನಾಗಿ ಹೋಗುತ್ತೆ. ಹೆಂಗಸು ಶೆಡ್ಡಲ್ಲಿ ಕೂತು ಮಾಡಿದ ಕೆಲಸ ಇದು. ಇವತ್ತು ದೋನ್ಯಾ ಒಳಗಿದ್ದಿದ್ರೆ ಏನಾಗ್ತಿತ್ತು?"

ಜನ ತಲೆಯಾಡಿಸಿದರು. ಅದೇ ಒರ್ಲಿಂಡಾಳ ಬಸ್ಸಿನಲ್ಲಿ ಬೆಳೆದ ತಲೆಗಳು. ಬೆಲರ್ಮಿನೋ ಬಗ್ಗಿ ಬೀಗದಕೈ ಕಿತ್ತು ತನ್ನ ಜೇಬಿಗೆ ಹಾಕಿಕೊಂಡ. ಕಾರು ಇನ್ನು ನನ್ನ ಗ್ಯಾರೇಜಿನಲ್ಲಿರುತ್ತದೆ, ಆ ರಾಡು ಕಿತ್ತು, ತೂತು ಮುಚ್ಚಿ, ಮೊದಲಿನ ಹಾಗೆ ಮಾಡುತ್ತೇನೆ, ಮುಂದಿನ ವರ್ಷದಿಂದ ಹರಕೆ ನನ್ನದು, ದೋನ್ಯಾ ಇವತ್ತು ನನ್ನ ಟ್ರಕ್ಕಿನಲ್ಲಿ ಬರಲಿ ಎಂದು ಒಂದೇ ಉಸಿರಿಗೆ ತೀರ್ಪು ಹೇಳಿ ಮುಗಿಸಿದ. ರಾಡು ಮೊದಲಿನ ಜಾಗಕ್ಕೆ ಹೋದರೆ ಒರ್ಲಿಂಡಾ ಇನ್ನು ಬದುಕಿರುವಷ್ಟು ದಿನ ಆ ಕಾರು ಓಡಿಸುವ ಹಾಗಿಲ್ಲ. ಅದು ಅವನಿಗೂ ಗೊತ್ತಿತ್ತು.

ಅವಳು ಕೂಗಾಡಲಿಲ್ಲ. ಬಸ್ಸಿನಲ್ಲಿ ಮಕ್ಕಳು ಹೊಡೆದಾಡಿಕೊಂಡಾಗ ಕೇಳುತ್ತಿದ್ದ ದನಿಯಲ್ಲೇ ಕೇಳಿದಳು.

"ತೂತು ಮುಚ್ಚೋ ಬಿಲ್ಲೆ ಖಾನೆಯಲ್ಲಿದೆ, ನಾನು ಸತ್ತ ಮೇಲೆ ಬೆಸೆದುಕೋ. ಈಗ ಹೇಳು. ಕೂತೆ, ಸ್ಟಾರ್ಟ್ ಮಾಡಿದೆ. ಆಮೇಲೆ?"

"ಹಿಂದಕ್ಕೆ ತೆಗೀಬೇಕಿತ್ತು. ಆರ್‌ಗೆ ಹಾಕಿದೆ. ಅಲ್ಲಾಡಲಿಲ್ಲ. ಪೆಡಲ್ ಒತ್ತಿದೆ, ಬರೀ ಕಿರುಚಿತು. ಸರಿ, ನ್ಯೂಟ್ರಲ್ಲಿಗೆ ತರೋಣ ಅಂತ ಒಂದು ಕಚ್ಚು ಎಳೆದೆ. ಗೋಡೆಗೆ ನುಗ್ಗಿತು."

"ಆರ್ ಎಲ್ಲಿತ್ತು?"

"ಎಲ್ಲಿರುತ್ತೆ? ಪಿ ಪಕ್ಕದಲ್ಲಿ. ನನಗೆ ಓದಕ್ಕೂ ಬರಲ್ಲ ಅಂತೀಯಾ?"

ಒರ್ಲಿಂಡಾ ಕಿಟಕಿಯಿಂದ ಬಗ್ಗಿ ನೋಡಿದಳು. ಮೊದಲ ಸಲ ಪಟ್ಟಿಯನ್ನು ಓದಿದಳು. ಗುಲಾಬಿ, ಬಳ್ಳಿ, ಬಳ್ಳಿಯ ನಡುವೆ ಮುತ್ತಿನಂಥ ಅಕ್ಷರಗಳು. ಪಿ, ಆರ್, ಎನ್, ಡಿ, ಎಲ್. ಈಗಿನ ಕಾರುಗಳಲ್ಲಿ ಇರುವ ಹಾಗೆ. ಆರ್ ಎಂದು ಬರೆದ ಕಡೆ ಇದ್ದದ್ದು ನ್ಯೂಟ್ರಲ್ಲು, ಅದಕ್ಕೇ ಕಾರು ಅಲ್ಲಾಡಲಿಲ್ಲ. ಎನ್ ಎಂದು ಬರೆದ ಕಡೆ ಇದ್ದದ್ದು ಡ್ರೈವು, ಅದಕ್ಕೇ ಅರಚುತ್ತಿದ್ದ ಇಂಜಿನ್ನು ಗೋಡೆಗೆ ನುಗ್ಗಿತು. ಅವಳ ಕಚ್ಚುಗಳಲ್ಲಿ ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ತಲೆ ಎತ್ತಿದಳು. ಗುಂಪಿನ ಹಿಂದೆ ಫಕುಂದೋ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಇಡೀ ಚಳಿಗಾಲ ಅರ ಹಿಡಿದು ಉಜ್ಜಿದ್ದನ್ನು ಈ ಮುದುಕ ಹೂವಿನ ಚೆಂದಕ್ಕೆ ಹಾಳು ಮಾಡಿದ್ದ. ಹೆಸರು ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ ಬೆಲರ್ಮಿನೋ ಅವನನ್ನು ಹರಿದು ತಿನ್ನುತ್ತಾನೆ, ಕಣ್ಣು ಕಾಣದವನು ಎಂದು ಹೆಸರಿಟ್ಟು ಆ ಉಳಿಗೆ ಕೊನೆಗಾಣಿಸುತ್ತಾನೆ. ಹೇಳದಿದ್ದರೆ ತನ್ನ ಕಾರು ಹೋಗುತ್ತದೆ. ಪಟ್ಟಿಯ ಅಕ್ಷರ ತಪ್ಪಿದೆ ಎಂದಷ್ಟೇ ಹೇಳಿದಳು. ಯಾರ ತಪ್ಪು, ರಾಡು ನಿನ್ನದು, ಪಟ್ಟಿ ನಿನ್ನದು ಎಂದು ತಮ್ಮ ಮೇಲೇರಿ ಬಂದ.

ಫಕುಂದೋ ಜನರನ್ನು ಸರಿಸಿಕೊಂಡು ಮುಂದೆ ಬಂದ.

"ಅದು ನಂದು. ಅವಳು ಬೇರೆ ಥರ ಹೊಡೆದಿದ್ಲು. ಪಾಪ, ಕೈ ನೋವಿನಲ್ಲಿ ಹಿಂದೆಮುಂದೆ ಮಾಡ್ಕೊಂಡಿದ್ದಾಳೆ ಅಂತ ನಾನೇ ಸರಿ ಮಾಡ್ದೆ. ಹೇಳಿದ್ರೆ ನಾಚ್ಕೋತಾಳೆ ಅಂತ ಹೇಳಲಿಲ್ಲ."

ಇದು ಈ ಕಣಿವೆಯವರಿಗೆ ಮಾತ್ರ ಸಾಧ್ಯವಾದ ತಪ್ಪು. ಇಲ್ಲಿ ಗೇರಿನ ಪಟ್ಟಿಯೂ ಕೆತ್ತನೆಗೆ ಹೋಗುತ್ತದೆ, ಇನ್ನೊಬ್ಬರ ತಪ್ಪನ್ನು ಎತ್ತಿ ಆಡುವುದು ಮರ್ಯಾದೆಯಲ್ಲ ಎಂದು ಬಾಯಿಮುಚ್ಚಿ ತಿದ್ದಿಬಿಡುತ್ತಾರೆ. ಕೇಳಿದ್ದರೆ ಒಂದೇ ಮಾತಿನಲ್ಲಿ ಮುಗಿಯುತ್ತಿತ್ತು. ಮರ್ಯಾದೆ ಅಡ್ಡ ಬಂತು.

ಈಗಲಾದರೂ ಜನ ಒರ್ಲಿಂಡಾಳ ಕಡೆ ತಿರುಗಬೇಕಿತ್ತಲ್ಲ? ಇಲ್ಲ. ಒಬ್ಬ ನಕ್ಕ. ಫಕುಂದೋ ಬರೆದದ್ದರಲ್ಲಿ ತಪ್ಪೇನಿದೆ, ಲೋಕದ ಕಾರುಗಳೆಲ್ಲ ಹಾಗೇ ಇರುವುದು, ರಿವರ್ಸನ್ನು ತೆಗೆದುಕೊಂಡು ಹೋಗಿ ಬಾಲದಲ್ಲಿ ಇಡುವ ಗೇರ್ ಬಾಕ್ಸಿನದೇ ತಪ್ಪು ಎಂದ. ಇನ್ನೊಬ್ಬ, ಅಂಥ ಹಳೆಯದನ್ನು ಇಟ್ಟುಕೊಂಡವರದು ಎಂದ. ಫಕುಂದೋ ಒಳ್ಳೆಯ ಮನಸ್ಸಿನಿಂದ ಮಾಡಿದ, ಬೆಲರ್ಮಿನೋ ಓದಿದ ಹಾಗೆ ನಡೆದ, ಪಾದ್ರಿ ಸುಮ್ಮನೆ ನಿಂತಿದ್ದ. ಸುತ್ತಿ ಸುತ್ತಿ ತಪ್ಪು ಬಂದು ಮತ್ತೆ ಒರ್ಲಿಂಡಾಳ ತಲೆಯ ಮೇಲೇ ಕುಳಿತಿತು. ಬೆಲರ್ಮಿನೋ ಎರಡೂ ಕೈ ಚಾಚಿ, ನಂದೇನೂ ತಪ್ಪಿಲ್ಲ ಅಂತಾಯ್ತಲ್ಲ ಎಂದ.

ಆಗ ಅವಳಿಗೆ ತಡೆಯಲಾಗಲಿಲ್ಲ. ಎಡಗೈಯಲ್ಲಿ ತಮ್ಮನ ಕಾಲರು ಹಿಡಿದು, ಅಧ್ಯಕ್ಷ ಎಂದೂ ನೋಡದೆ, ಕಿಟಕಿಯ ಹತ್ತಿರಕ್ಕೆ ಎಳೆದಳು. ಸ್ಟಿಯರಿಂಗಿನ ಕಂಬದ ಮೇಲಿನ ಗಾಜಿನ ಕಿಂಡಿ ತೋರಿಸಿದಳು. ಮಾಸಿದ ಅಕ್ಷರಗಳು ಅಲ್ಲೇ ಇದ್ದವು.

"ಇದನ್ನ ಓದು. ಜೋರಾಗಿ."

"ಪಿ. ಎನ್. ಡಿ. ಎಲ್. ಆರ್."

"ನೀನು ಹುಟ್ಟಿದಾಗಿಂದ ಈ ಅಕ್ಷರ ಇಲ್ಲೇ ಇದೆ. ಅಪ್ಪ ರಿವರ್ಸ್ ಎಲ್ಲಿಗೆ ಹಾಕ್ತಿದ್ದ ಅಂತ ಒಂದು ಸಲಾನೂ ನೋಡಿಲ್ವಾ? ಇಷ್ಟು ವರ್ಷ ಕಾರು ನಂದು ಕಾರು ನಂದು ಅಂತ ಊರೆಲ್ಲಾ ಸಾರಿದ್ಯಲ್ಲ, ಇದರಲ್ಲಿ ಕೂತಿದ್ದು ನೀನೇ ತಾನೇ?"

ಬೆಲರ್ಮಿನೋ ಕಾಲರು ಬಿಡಿಸಿಕೊಳ್ಳಲಿಲ್ಲ. ಕಿಂಡಿಯನ್ನೇ ನೋಡುತ್ತಿದ್ದ.

"ಹಿಂದೆ," ಅಂದ. "ಹಿಂದಿನ ಸೀಟಲ್ಲಿ. ಅಲ್ಲಿಂದ ಇದು ಕಾಣಲ್ಲ ಅಕ್ಕಾ."

ಒರ್ಲಿಂಡಾಗೆ ನೆನಪಾಯಿತು. ಹರಕೆ ಹೊತ್ತು ಉಳಿಸಿಕೊಂಡ ಮಗ ಎಂದು ಅಪ್ಪ ಅವನನ್ನು ಒಮ್ಮೆಯೂ ಮುಂದೆ ಕೂರಿಸುತ್ತಿರಲಿಲ್ಲ. ಮುಂದೆ ಅಪಾಯ, ಹಿಂದೆ ಹೋಗು, ಅಜ್ಜಿಯರ ನಡುವೆ ಕೂತ್ಕೋ. ದೊಡ್ಡವನಾಗಿ ಮೀಸೆ ಬಂದರೂ ಅದೇ ಮಾತು. ಚಕ್ರ ಹಿಡಿಯಲು ಕೇಳಿದರೆ, ನಿನ್ನನ್ನು ದೇವರ ಹತ್ತಿರ ಬೇಡಿ ತಂದಿದ್ದೇನೆ, ಕಳೆಯಲಾರೆ ಎನ್ನುತ್ತಿದ್ದ. ತಗ್ಗುಕಾರುಗಳ ಸಂಘದ ಅಧ್ಯಕ್ಷ ತನ್ನ ಅಪ್ಪನ ಕಾರನ್ನು ಮೊದಲ ಸಲ ಓಡಿಸಿದ್ದು ಆ ದಿನ ಬೆಳಿಗ್ಗೆ, ಗೋಡೆಯವರೆಗೆ.

ಅವಳಿಗೆ ಪಾಪ ಅನ್ನಿಸಿತು. ಅಪ್ಪನ ಮೇಲೂ ಸಿಟ್ಟು ಬಂತು, ಅವನು ಸತ್ತ ಮೇಲೆ ಅದೇ ಮೊದಲು. ಆದರೆ ತಮ್ಮನ ಮೇಲಿನ ಸಿಟ್ಟು ಅದರಿಂದ ಇಳಿಯಲಿಲ್ಲ, ಇಳಿಯಬೇಕಾದ ಕಾರಣವೂ ಇರಲಿಲ್ಲ. ಹಿಂದೆ ಕೂರಿಸಿದ್ದು ಅಪ್ಪ. ಅವಳ ಶೆಡ್ಡಿನ ಚಳಿಗಾಲವನ್ನು ಊರ ಮುಂದೆ ಹೆಂಗಸಿನ ಕೆಲಸ ಎಂದದ್ದು ಇವನು.

ದೋನ್ಯಾ ತ್ರಾನ್ಸಿತೋ ಇಷ್ಟು ಹೊತ್ತೂ ಚರ್ಚಿನ ಬಾಗಿಲಲ್ಲಿ ಕೋಲೂರಿ ನಿಂತಿದ್ದಳು. ಕಂಕುಳಲ್ಲಿ ಪನೋಚಾದ ಪಾತ್ರೆ. ಮೊಳಕೆ ಗೋಧಿಯ ಆ ಸಿಹಿಯನ್ನು ಪ್ರತಿ ವರ್ಷ ಗುಡಿಯ ಬಾಗಿಲಲ್ಲಿ ಹಂಚುವುದು ಅವಳ ಪದ್ಧತಿ.

"ಜಗಳ ಮುಗಿದಿದ್ರೆ ಹೊರಡೋಣ ಮಗಳೇ," ಅಂದಳು. "ಟ್ರಕ್ಕಿಗೆ ನಾನು ಹತ್ತಲ್ಲ. ಅಬ್ರಾನನ ಕಾರಿಗೇ ಬರ್ತೀನಿ ಅಂತ ದೇವರಿಗೆ ಹೇಳಿಟ್ಟಿದ್ದೀನಿ."

ಒರ್ಲಿಂಡಾ ಎಡಗೈ ಚಾಚಿದಳು. ಬೆಲರ್ಮಿನೋ ಜನರ ಮುಖ ನೋಡಿದ, ಪಾದ್ರಿಯ ಮುಖ ನೋಡಿದ, ಕೊನೆಗೆ ಜೇಬಿನಿಂದ ಬೀಗದಕೈ ತೆಗೆದು ಅವಳ ಅಂಗೈ ಮೇಲಿಟ್ಟ. ಅವಳು ಒಂದು ನಾಣ್ಯ ಹಿಡಿದು ಪಟ್ಟಿಯ ಸ್ಕ್ರೂ ಬಿಚ್ಚಿದಳು. ಪಟ್ಟಿಯನ್ನು ಫಕುಂದೋನ ಟೋಪಿಯೊಳಗೆ ಹಾಕಿದಳು. ಇದೇ ಹೂವು ಇರಲಿ, ಅಕ್ಷರ ಮಾತ್ರ ನಾನು ಹೊಡೆದ ಹಾಗೇ ಬರಬೇಕು, ಇನ್ನು ಮೇಲೆ ನನ್ನ ಮೇಲೆ ಕನಿಕರ ಬಂದರೆ ಮೊದಲು ನನ್ನನ್ನು ಕೇಳು ಎಂದಳು. ಮುದುಕ ತಲೆ ತಗ್ಗಿಸಿ ಹೂಂ ಎಂದ.

ದೋನ್ಯಾಳನ್ನೂ ಇನ್ನಿಬ್ಬರು ಕೈಲಾಗದವರನ್ನೂ ಹಿಂದಿನ ಸೀಟಿನಲ್ಲಿ ಕೂರಿಸಿ ಒರ್ಲಿಂಡಾ ಚಕ್ರದ ಮುಂದೆ ಕುಳಿತಳು. ಇಂಜಿನ್ನು ಒಂದೇ ಸಲಕ್ಕೆ ಹಿಡಿಯಿತು. ಮೊಣಕೈ ಪಕ್ಕೆಗೆ ಒತ್ತಿ, ರಾಡನ್ನು ಪಾರ್ಕಿನಿಂದ ಎಳೆದಳು, ನ್ಯೂಟ್ರಲ್ಲು ದಾಟಿತು, ಡ್ರೈವು ದಾಟಿತು, ಲೋ ದಾಟುವಲ್ಲಿ ಗುಬುಟು ಎತ್ತಿ ಕೊನೆಯ ಕಚ್ಚಿಗೆ ಬಿಟ್ಟಳು. ಕಾರು ಮಣ್ಣಿನ ಹೆಂಟೆಗಳನ್ನು ಉದುರಿಸುತ್ತ ಗೋಡೆಯಿಂದ ಮೆಲ್ಲಗೆ ಹಿಂದಕ್ಕೆ ಬಂತು. ನೋಡುತ್ತಿದ್ದ ಜನ ದಾರಿ ಬಿಟ್ಟರು. ಯಾರೂ ತಪ್ಪಾಯಿತು ಎನ್ನಲಿಲ್ಲ. ಒಬ್ಬನಂತೂ, ಬಂಪರು ನನ್ನ ಹತ್ತಿರ ತಾ, ನೆಟ್ಟಗೆ ಮಾಡಿಕೊಡುತ್ತೇನೆ ಎಂದು ದೊಡ್ಡ ಉಪಕಾರ ಮಾಡುವವನ ಹಾಗೆ ಹೇಳಿದ. ಅವಳು ಸ್ಟಿಯರಿಂಗು ತಿರುಗಿಸಿದಳು.

ಕಾರು ರಸ್ತೆಗೆ ಮುಖ ಮಾಡಿ ನಿಂತಿತು. ಬೆಲರ್ಮಿನೋ ಮುಂದಿನ ಬಲಬಾಗಿಲ ಬಳಿ ಬಂದು ನಿಂತ. ಬರಲಾ ಎಂದು ಕೇಳಲಿಲ್ಲ. ಆ ಬಾಗಿಲ ಹತ್ತಿರ ನಿಂತವರೆಲ್ಲ ಮಾಡುವ ಹಾಗೆ, ಡ್ರೈವರು ಬಗ್ಗಿ ಒಳಗಿನಿಂದ ತೆಗೆಯಲಿ ಎಂದು ಕಾಯುತ್ತ ನಿಂತ.

ಒರ್ಲಿಂಡಾ ಅವನ ಕಡೆ ನೋಡಿದಳು.

"ನೀನೇ ತೆಗೆದುಕೋ," ಅಂದಳು. "ನಿನ್ನ ಮೂರು ಮಕ್ಕಳಿಗೂ ಬಾಗಿಲು ತೆಗೆದೂ ತೆಗೆದೂನೇ ಈ ಕೈ ಹೋಗಿದ್ದು."

ಅವನ ಮುಖದ ಬಣ್ಣ ಇಳಿಯಿತು. ಆ ಮೂರೂ ಮಕ್ಕಳು ಶಾಲೆಗೆ ಹೋದದ್ದು ಯಾವ ಬಸ್ಸಿನಲ್ಲಿ ಎಂದು ಅವನಿಗೆ ಮೊದಲೂ ಗೊತ್ತಿತ್ತು. ಆ ಬಸ್ಸಿಗೆ ಬಾಗಿಲಿತ್ತು, ಅದನ್ನು ಒಂದು ಕೈ ಎಳೆಯುತ್ತಿತ್ತು ಎಂದು ಯೋಚಿಸಿದ್ದು ಬಹುಶಃ ಅವತ್ತೇ ಮೊದಲು. ಭುಜ ಕೊಟ್ಟು ಜಗ್ಗಿದ. ಮೊದಲ ಸಲ ಬರಲಿಲ್ಲ. ಎರಡನೇ ಸಲ ಕಾಲು ಊರಿ ಎಳೆದ, ಬಾಗಿಲು ಕಿರ್ರೆಂದು ತೆರೆಯಿತು. ಹತ್ತಿ ಕುಳಿತವನು ದಾರಿಯುದ್ದಕ್ಕೂ ಅವಳ ಕೈ ರಾಡಿನ ಮೇಲೆ ಹೇಗೆ ಆಡುತ್ತದೆ ಎಂದು ನೋಡುತ್ತಿದ್ದ.

ಒಂದೇ ದೀಪದ ಕಾರು ನಡೆಯುವವರ ಸಾಲಿನ ಪಕ್ಕದಲ್ಲಿ ನಿಧಾನವಾಗಿ ಗುಡ್ಡ ಹತ್ತಿ ಚಿಮಯೋ ತಲುಪಿತು. ತಪ್ಪಾಯಿತು ಎಂದು ಬೆಲರ್ಮಿನೋ ಅಲ್ಲಿಯೂ ಹೇಳಲಿಲ್ಲ, ಮುಂದೆಂದೂ ಹೇಳಲಿಲ್ಲ. ಕಾರು ನಿಂತ ಕೂಡಲೇ ಇಳಿದು ದೋನ್ಯಾಗೆ ಬಾಗಿಲು ತೆಗೆದ. ಆಮೇಲೆ ಮುಂದಿನಿಂದ ಸುತ್ತಿಕೊಂಡು ಬಂದು ಅಕ್ಕನ ಕಡೆಯ ಬಾಗಿಲನ್ನೂ ತೆಗೆದು, ಅವಳು ಇಳಿಯುವವರೆಗೆ ಹಿಡಿದುಕೊಂಡು ನಿಂತ.